ಹರಳಿನ ಮೇಲೆ ನಿಂತ ಉಸಿರು

ವಜ್ರ ಕೆಲವರಿಗೆ ಆಗಿಬರುತ್ತದೆ, ಕೆಲವರಿಗೆ ಆಗಿಬರುವುದಿಲ್ಲ ಎಂದು ಹಿರಿಯರು ಹೇಳಿದಾಗಲೆಲ್ಲ ನಗುತ್ತಿದ್ದವನು ನಾನು. ಭದ್ರಾವತಿಯ ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿ ದಿನವಿಡೀ ಅದಿರು ಅರೆದು, ಕರಗಿಸಿ, ತೂಗಿ ನೋಡುವುದು ನನ್ನ ಕೆಲಸ. ಕಲ್ಲಿಗೆ ಮನುಷ್ಯರ ಗುರುತು ಹತ್ತುತ್ತದೆ ಎಂದರೆ ನಂಬುವುದು ಹೇಗೆ? ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಐವತ್ತರ ದಶಕದ ಕೊನೆಯಲ್ಲಿ, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ, ಹಾಡುಹಗಲೇ ನಡೆದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನಿಮಗೇನಾದರೂ ಹೊಳೆದರೆ ಸಂತೋಷ.

ಅಮ್ಮ ಬೇಗ ತೀರಿಕೊಂಡಿದ್ದರಿಂದ ನನ್ನನ್ನೂ ಸರೋಜಕ್ಕನನ್ನೂ ಸಾಕಿದವರು ದೊಡ್ಡಮ್ಮ. ಅವರಿಗೆ ಮಕ್ಕಳಿರಲಿಲ್ಲ. ಕೊನೆಗಾಲದಲ್ಲಿ ನ್ಯೂ ಟೌನಿನ ನಮ್ಮ ಕ್ವಾರ್ಟರ್ಸಿನಲ್ಲೇ ಇದ್ದರು. ಹೋಗುವ ಮುಂಚೆ ದೊಡ್ಡಪ್ಪನ ವಜ್ರದುಂಗುರವನ್ನು ನನ್ನ ಅಂಗೈಗೆ ಹಾಕಿ, "ಇದು ನಿಮ್ಮಿಬ್ಬರದ್ದೂ ಕಣೋ. ಏನಾದ್ರೂ ಮಾಡ್ಕೊಳಿ, ಇದಕ್ಕೋಸ್ಕರ ಮಾತು ಮಾತ್ರ ಬಿಡಬೇಡಿ" ಎಂದಿದ್ದರು.

ಇರುವುದು ಒಂದೇ ಹರಳು. ಅಕ್ಕನಿಗೆ ಅದನ್ನು ಮೂಗುಬೊಟ್ಟು ಮಾಡಿಸಿಕೊಳ್ಳುವ ಆಸೆ. ಭಾವ ಶಿವಮೊಗ್ಗದಲ್ಲಿ ಹೈಸ್ಕೂಲ್ ಮೇಷ್ಟರು, ಮದುವೆಯಾದಾಗಿನಿಂದ ಬಾಡಿಗೆ ಮನೆ. ನವುಲೆ ಕಡೆ ಒಂದು ಸೈಟು ನೋಡಿಟ್ಟಿದ್ದರು. "ಮೂಗಿನ ಮೇಲೆ ಹೊಳೆದ್ರೆ ತಲೆ ಮೇಲೆ ಸೂರು ಬರುತ್ತಾ?" ಎಂದರು. ಮಾರಿ ಇಬ್ಬರೂ ಹಂಚಿಕೊಳ್ಳುವುದು ಎಂದಾಯಿತು. ಅಕ್ಕ ಹೂಂ ಅಂದಳು, ಮನಸ್ಸಿನಿಂದ ಅನ್ನಲಿಲ್ಲ.

ಮಾರುವ ಮುಂಚೆ ನಾನೂ ಒಮ್ಮೆ ಪರೀಕ್ಷೆ ಮಾಡಿದ್ದೆ. ಗಾಜಿನ ಮೇಲೆ ಎಳೆದರೆ ಚೊಕ್ಕ ಗೀರು ಬಿತ್ತು. ಬಾಯಿಯಿಂದ ಹಾ ಎಂದು ಊದಿದರೆ ಆವಿ ಕೂತ ಹಾಗೇ ಮಾಯವಾಯಿತು. ವಜ್ರ ಶಾಖವನ್ನು ಬೇಗ ಎಳೆದುಕೊಂಡು ಹೋಗುತ್ತದೆ, ಅದರ ಮೇಲೆ ಉಸಿರು ನಿಲ್ಲುವುದಿಲ್ಲ. ಗಾಜಿನ ಮೇಲಾದರೆ ಮಂಜು ಕವಿದಂತೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಇಷ್ಟು ಸಾಕೆಂದು ಉಂಗುರ ತೊಟ್ಟುಕೊಂಡೇ ರೈಲು ಹತ್ತಿದೆ.

ಅಕ್ಕ, ಭಾವ, ನಾನು ಮೂವರೂ ಗಾಂಧಿ ಬಜಾರಿನ ಒಡವೆ ಅಂಗಡಿಗೆ ಹೋದೆವು. ವ್ಯಾಪಾರಿ ವಯಸ್ಸಾದವರು, ಸದಾ ಎಲೆಯಡಿಕೆ ಜಗಿಯುವವರು, ಊರಿನಲ್ಲಿ ಒಳ್ಳೆಯ ಹೆಸರಿದ್ದವರು. ಉಂಗುರವನ್ನು ಬೆಳಕಿಗೆ ಹಿಡಿದರು, ಭೂತಗನ್ನಡಿಯಲ್ಲಿ ನೋಡಿದರು, ಆಮೇಲೆ ಮೆಲ್ಲನೆ ಊದಿದರು. ಹರಳು ಬೆಳ್ಳಗಾಯಿತು. ಬೆಳ್ಳಗೇ ಉಳಿಯಿತು. ಒರೆಸಿ ಮತ್ತೆ ಊದಿದರು. ಮತ್ತೆ ಹಾಗೇ.

"ಬೇಜಾರ್ ಮಾಡ್ಕೋಬೇಡಿ ಸ್ವಾಮಿ, ಇದು ಗಾಜು" ಎಂದರು.

ಭಾವ ನನ್ನ ಮುಖ ನೋಡದೆ, ಗಲ್ಲಾಪೆಟ್ಟಿಗೆಯ ಕಡೆ ತಿರುಗಿ ಕೇಳಿದರು: "ಭದ್ರಾವತೀಲಿ ಉಂಗುರಾನ ಯಾರ ಕೈಗಾದ್ರೂ ಕೊಟ್ಟಿದ್ಯೇನಯ್ಯಾ?"

ಮಾತು ಮೆಲ್ಲಗೇ ಇತ್ತು. ಅದರೊಳಗಿದ್ದದ್ದು ನನಗೆ ನೆಟ್ಟಗೆ ತಾಗಿತು. ಅಕ್ಕನ ಕಣ್ಣು ಕೆಂಪಾಯಿತು. "ನನ್ನ ತಮ್ಮನ್ನ ಹಾಗೆ ಕೇಳ್ಬೇಡಿ ನೀವು" ಎಂದು ಗಂಡನಿಗೆ ಹೇಳಿ, ವ್ಯಾಪಾರಿಯ ಕೈಯಿಂದ ಉಂಗುರ ತೆಗೆದುಕೊಂಡಳು. ಏನು ತೋಚಿತೋ, ಅವರು ಮಾಡಿದಂತೆಯೇ ಬಾಯಿಯ ಹತ್ತಿರ ಹಿಡಿದು ಊದಿದಳು.

ಆವಿ ನಿಲ್ಲಲಿಲ್ಲ. ಹರಳು ಫಳ್ಳನೆ ಹೊಳೆಯಿತು.

ವ್ಯಾಪಾರಿ ಎದ್ದೇಬಿಟ್ಟರು. ಉಂಗುರ ಇಸಿದುಕೊಂಡು ಬಾಗಿಲ ಬಿಸಿಲಿಗೆ ಹೋಗಿ ಊದಿದರು. ಬೆಳ್ಳಗೆ ನಿಂತಿತು. ನಾನು ಊದಿದೆ, ಹೋಯಿತು. ಭಾವ ಊದಿದರು, ನಿಂತಿತು. ಭಾವನೇ ಕನ್ನಡಕ ತೆಗೆದು, ಪಂಚೆಯ ಅಂಚಿನಿಂದ ಹರಳು ಒರೆಸಿ ಇನ್ನೊಮ್ಮೆ ಊದಿದರು. ಆಗಲೂ ನಿಂತಿತು. ಬೇರೆ ಉಂಗುರವೇನಾದರೂ ಸೇರಿಕೊಂಡಿತೇ ಎಂದರೆ, ಒಂದೇ ಉಂಗುರ ಎಲ್ಲರ ಕಣ್ಣೆದುರಿಗೆ ಕೈಯಿಂದ ಕೈಗೆ ಹೋಗುತ್ತಿತ್ತು.

ವ್ಯಾಪಾರಿ ಅದನ್ನು ಅಕ್ಕನ ಕೈಗೇ ಕೊಟ್ಟರು. "ಇಷ್ಟು ವರ್ಷದ ವ್ಯಾಪಾರದಲ್ಲಿ ಇಂಥದ್ದು ಕಂಡಿಲ್ಲ ತಾಯಿ. ಇದಕ್ಕೆ ನಾನು ಬೆಲೆ ಕಟ್ಟಲ್ಲ. ಮನೇಲೇ ಇಟ್ಕೊಳಿ" ಎಂದವರು, ನಾವು ಮೆಟ್ಟಿಲಿಳಿಯುವವರೆಗೂ ನಿಂತೇ ಇದ್ದರು.

ಮನೆ ಬಾಗಿಲಿಗೆ ಬಂದಾಗ ಭಾವ ನನ್ನ ಹೆಗಲು ಹಿಡಿದು, "ತಪ್ಪಾಯ್ತು ಮಾರಾಯ. ಬಾಯಿಂದ ಬಂದುಹೋಯ್ತು" ಎಂದರು. ಕಾಫಿ ಕುಡಿಯುವಾಗ, ಸೈಟಿನ ವಿಷಯ ಬಿಟ್ಟುಬಿಡೋಣ, ಹರಳು ಸರೋಜಾಗೇ ಇರಲಿ ಎಂದು ಅವರೇ ಹೇಳಿದರು. ನನ್ನ ಹೆಂಡತಿ ವಿಮಲಾ ಮೊದಲಿಂದಲೂ ಅದನ್ನೇ ಹೇಳುತ್ತಿದ್ದಳು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮಗೆ ಗೊತ್ತಿದ್ದ ಅಕ್ಕಸಾಲಿಯಿಂದ ಮೂಗುಬೊಟ್ಟು ಮಾಡಿಸುವ ಹೊಣೆ ನನ್ನದಾಯಿತು.

ಅವನ ಕೈಗೆ ಕೊಡುವ ಮುಂಚೆ ನಾನು ಸುಮ್ಮನಿರಲಿಲ್ಲ. ಪ್ರಯೋಗಶಾಲೆಯಲ್ಲಿ ಮತ್ತೆ ಗಾಜು ಗೀರಿದೆ, ಗೀರು ಬಿತ್ತು. ವ್ಯಾಪಾರಿಯ ಎಲೆಯಡಿಕೆಯ ಬಾಯಿ ಕಾರಣವಿರಬಹುದೇ ಎಂದು ಅಡಿಕೆ ಜಗಿದು ಊದಿದೆ, ಆವಿ ಹೋಯಿತು. ಹರಳನ್ನು ಮಂಜುಗಡ್ಡೆಯ ಮೇಲಿಟ್ಟೂ ನೋಡಿದೆ, ಅದರಿಂದಲೂ ಏನೂ ಬಗೆಹರಿಯಲಿಲ್ಲ. ದೊಡ್ಡಮ್ಮನ ರಕ್ತಸಂಬಂಧಿಗಳಿಗೆ ಮಾತ್ರ ಹೀಗೇನೋ ಎಂದುಕೊಂಡರೆ, ವಿಮಲಾ ಊದಿದಾಗಲೂ ನಿಲ್ಲಲಿಲ್ಲ. ಅವಳು ದೊಡ್ಡಮ್ಮನ ಸೇವೆ ಮಾಡಿದವಳು ಎಂದರೆ, ಕಾಯಿಲೆ ಹೆಚ್ಚಾದಾಗ ಶಿವಮೊಗ್ಗದಿಂದ ಡಾಕ್ಟರನ್ನು ಕರೆತಂದು ಹಗಲೆಲ್ಲ ಪಕ್ಕದಲ್ಲಿ ಕೂತಿದ್ದವರು ಭಾವ. ಯಾವ ಲೆಕ್ಕವೂ ಪೂರ್ತಿ ಹೊಂದಲಿಲ್ಲ.

ಮೂಗುಬೊಟ್ಟು ಅಕ್ಕನಿಗೆ ಚೆನ್ನಾಗಿ ಒಪ್ಪಿತು. ಕೆಲವು ವರ್ಷಗಳ ಮೇಲೆ ಒಂದು ದಿನ, "ಇನ್ನೊಮ್ಮೆ ಊದಿ ನೋಡಿದೆಯಾ?" ಎಂದು ಕೇಳಿದೆ.

"ಮೂಗಿನ ಮೇಲೇ ಇದೆಯಲ್ಲೋ, ಇಡೀ ದಿನ ಇನ್ನೇನು ಮಾಡ್ತಿದೀನಿ?" ಎಂದು ನಕ್ಕಳು.

ನನ್ನ ಕುತೂಹಲ ತಣಿಯಲಿಲ್ಲ. ಭಾವ ಜಗುಲಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದರು. ಅಕ್ಕನಿಂದ ಮೂಗುಬೊಟ್ಟು ಬಿಚ್ಚಿಸಿಕೊಂಡು ಅವರ ಮುಂದೆ ಹಿಡಿದೆ. ಒಂದು ಸಲ, ಒಂದೇ ಸಲ ಊದಿ ಎಂದು ಕೇಳಿಕೊಂಡೆ. ಅವರು ಅದನ್ನು ಕೈಗೆ ತೆಗೆದುಕೊಂಡು ಬಾಯಿಯವರೆಗೂ ತಂದರು. ಆಮೇಲೆ ಮುಖ ಪಕ್ಕಕ್ಕೆ ತಿರುಗಿಸಿ, ಉಸಿರು ಬಿಗಿಹಿಡಿದು, ನನ್ನ ಅಂಗೈಯಲ್ಲೇ ಇಟ್ಟುಬಿಟ್ಟರು.

"ಬೇಡ ಮಾರಾಯ" ಎಂದರು. "ನಿಂತ್ರೆ ನಾನಿನ್ನೂ ಹೊರಗಿನವನಾ ಅಂತ ಕಷ್ಟ, ಹೋದ್ರೆ ಅವತ್ತು ಯಾಕೆ ನಿಂತಿತ್ತು ಅಂತ ಕಷ್ಟ."