ಇಳಿತದ ಹೊತ್ತು

ನಮ್ಮ ಬಾಲಿಯ ಪಡುವಣ ಕಡಲಿಗೆ ಮದುವೆಯಾಗಲೆಂದೇ ಹಾರಿ ಬರುವ ಪರದೇಶದ ಜೋಡಿಗಳಿಗೆ ಗೆಡೆ ರುಸ್ತಾ ಫೋಟೋ ತೆಗೆಯುತ್ತಾನೆ. ತೆಗೆಯುವುದು ಕಡೆಯ ಕೆಲಸ, ಅದಕ್ಕೂ ಮೊದಲು ತಿಂಗಳುಗಟ್ಟಲೆ ಯೋಚನೆ. ಮಳೆ ಯಾವಾಗ ಬಿಡುವು ಕೊಡುತ್ತದೆ, ಹೊತ್ತು ಮುಳುಗುವಾಗ ನೀರು ಎಷ್ಟು ಹಿಂದೆ ಸರಿದಿರುತ್ತದೆ, ಎಲ್ಲ ಮೊದಲೇ ನೋಡಿಟ್ಟುಕೊಳ್ಳುತ್ತಾನೆ. ಇಳಿತದಲ್ಲಿ ಒದ್ದೆ ಮರಳು ಕನ್ನಡಿಯಾಗಿ ಅದರಲ್ಲಿ ಮದುಮಗಳೂ ಆಕಾಶವೂ ಕಾಣುತ್ತವೆ. ಆ ಒಂದು ಚಿತ್ರಕ್ಕಾಗಿಯೇ ಜನ ಅವನನ್ನು ಹುಡುಕಿಕೊಂಡು ಬರುತ್ತಾರೆ.

ಇಷ್ಟೆಲ್ಲ ನೋಡುವ ಪುಣ್ಯಾತ್ಮ ತನ್ನ ಅಡುಗೆಮನೆಯ ಗೋಡೆಗೆ ತೂಗಿದ ಕ್ಯಾಲೆಂಡರನ್ನು ನೋಡಲಿಲ್ಲ! ಒಳ್ಳೆಯ ದಿನ, ಕೆಟ್ಟ ದಿನ ಅಚ್ಚಾಗಿರುವ ಅದನ್ನು ಕೇಳದೆ ನಮ್ಮಲ್ಲಿ ಯಾರೂ ಹಂದಿಗೂಡನ್ನೂ ಕಟ್ಟುವುದಿಲ್ಲ. ಡಚ್ಚರ ಜೋಡಿಯೊಂದಕ್ಕೆ ಅವನು ಕೊಟ್ಟ ದಿನವನ್ನೇ ಪುರೋಹಿತರು ಹೂತಿಟ್ಟವರ ಮೂಳೆ ಎತ್ತಿ ಸುಡುವ ಕೇರಿಯ ಸಾಮೂಹಿಕ ದಹನಕ್ಕೆ ಗೊತ್ತುಮಾಡಿದರು. ತಾವೊಬ್ಬರೇ ದಹನ ಮಾಡಿಸುವ ಶಕ್ತಿಯಿಲ್ಲದೆ ತಮ್ಮವರನ್ನು ಮಣ್ಣಿನಲ್ಲಿಟ್ಟ ಮನೆಗಳೆಲ್ಲ ಆ ದಿನಕ್ಕಾಗಿ ವರ್ಷಗಳಿಂದ ಕಾದಿದ್ದವು. ರುಸ್ತಾನ ಅಪ್ಪನೂ ಹಾಗೆ ಮಣ್ಣಿನಲ್ಲಿದ್ದ. ಅವನ ಬೂದಿಯನ್ನು ಕಡಲಿಗೆ ಬಿಡಬೇಕಾದವನು ಹಿರಿಯ ಮಗ, ರುಸ್ತಾ.

ಜೋಡಿಯ ಬಳಗ ಆಗಲೇ ವಿಮಾನ ಹತ್ತಿಯಾಗಿತ್ತು. ದಹನದ ದಿನ ಮುಂದಕ್ಕೆ ಹಾಕಿಸಿ ಎಂದು ರುಸ್ತಾ ಕೇರಿಯ ಹಿರಿಯನ ಮುಂದೆ ಗೋಗರೆದ.

“ಸತ್ತೋರು ಇಷ್ಟು ವರ್ಷ ಕಾದ್ರಲ್ಲಪ್ಪ, ನಿನ್ನ ಸೂರ್ಯಂಗೆ ಕಾಯೋಕಾಗಲ್ವಾ?” ಎಂದ ಹಿರಿಯ.

ರುಸ್ತಾ ತಲೆ ತಗ್ಗಿಸಿ ಮನೆಗೆ ಬಂದ. ಮೆರವಣಿಗೆ ಕಡಲಿಗೆ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ, ಅದಕ್ಕೆ ಮೊದಲೇ ಕೆಲಸ ಮುಗಿಸಿ ಬಂದು ಸೇರಿಕೊಳ್ಳುತ್ತೇನೆ ಎಂದು ಹೆಂಡತಿ ಸುಕ್ರಿಗೆ ಹೇಳಿದ. ಬೂದಿ ದಡಕ್ಕೆ ಮರಳಬಾರದು, ಇಳಿತದಲ್ಲೇ ಬಿಡಬೇಕು, ಅಂದಿನ ಇಳಿತ ಹೊತ್ತು ಮುಳುಗುವಾಗಲೇ ಎಂಬುದು ಅವನಿಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ತನಗೆ ತಾನೇ ಸುಳ್ಳು ಹೇಳಿಕೊಂಡ.

ಅಂದು ಬೆಳಗ್ಗೆ ಚಿತೆಯ ಮುಂದೆ ನಿಂತವನು ಮಧ್ಯಾಹ್ನ ಮಡಿಗೆಂದು ಸೊಂಟಕ್ಕೆ ಕಟ್ಟಿದ್ದ ಹಳದಿ ಪಟ್ಟಿ ಬಿಚ್ಚಿಟ್ಟು ಕ್ಯಾಮೆರಾ ಎತ್ತಿಕೊಂಡ. ಸಂಜೆ ನೀರು ಹಿಂದೆ ಸರಿಯಿತು, ಮದುಮಗಳು ಒದ್ದೆ ಮರಳಿನ ಮೇಲೆ ಬಂದು ನಿಂತಳು. ಬೆಳಕು ಹದಕ್ಕೆ ಬರುತ್ತಿದ್ದಂತೆ ತೆಂಗಿನ ಸಾಲಿನ ಹಿಂದಿನಿಂದ ಮೆರವಣಿಗೆಯ ತಾಳದ ಸದ್ದು ಕೇಳಿಸಿತು. ಆದರೂ ರುಸ್ತಾ ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ.

ಬಿಳಿ ಬಟ್ಟೆ ಸುತ್ತಿದ ಎಳನೀರ ಚಿಪ್ಪಿನಲ್ಲಿ ಅಪ್ಪನ ಬೂದಿ ಹಿಡಿದು ರುಸ್ತಾನ ತಮ್ಮ ಅವನ ಪಕ್ಕಕ್ಕೇ ಬಂದು ನಿಂತ.

“ಅಣ್ಣ, ಅಪ್ಪ ಬಂದಿದಾರೆ.”

ರುಸ್ತಾ ಕೈ ಚಾಚಿ, ಮತ್ತೆ ಹಿಂದಕ್ಕೆಳೆದುಕೊಂಡ. ಪಟ್ಟಿಯಿಲ್ಲದ ಮೈಯಲ್ಲಿ ಅದನ್ನು ಮುಟ್ಟುವಂತಿರಲಿಲ್ಲ. ಆಗ ಹೆಂಗಸರ ಗುಂಪಿನಿಂದ ಸುಕ್ರಿ ಬಂದಳು. ಮಡಿಲಲ್ಲಿಟ್ಟು ತಂದಿದ್ದ ಪಟ್ಟಿಯನ್ನು ತೆಗೆದು ಗಂಡನ ಸೊಂಟಕ್ಕೆ ಬಿಗಿದಳು.

“ಮನೇಲೇ ಬಿಟ್ಟು ಬಂದಿದ್ರಿ,” ಎಂದಳು. ಅಷ್ಟೇ.

ರುಸ್ತಾ ಕ್ಯಾಮೆರಾವನ್ನು ಮದುಮಗನ ಕೈಗಿತ್ತ. ಅಪ್ಪನನ್ನು ಎದೆಗೊತ್ತಿಕೊಂಡು ಸೊಂಟದ ಮಟ್ಟದ ನೀರಿಗಿಳಿದು, ಹಿಂದೆ ಸರಿಯುವ ಅಲೆಯ ಮೇಲೆ ಬಿಟ್ಟ. ಅವನು ತಿರುಗಿ ಬರುವಷ್ಟರಲ್ಲಿ ಸೂರ್ಯ ಮುಳುಗಿ ಮರಳು ಕಪ್ಪಾಗಿತ್ತು.

ತನ್ನಿಂದ ತಪ್ಪಾಯಿತು, ನಿಮ್ಮ ಚಿತ್ರ ಸಿಗಲಿಲ್ಲ ಎಂದು ಅವನು ಕೈ ಮುಗಿದ. ಮದುಮಗಳು ಅದನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ.

“ನಿಮ್ಮಪ್ಪನ ಹೆಸರೇನು?” ಎಂದಳು.

ರುಸ್ತಾ ಬಾಯಿ ತೆರೆದ. ಹೆಸರು ಬಂತು, ಅದರ ಹಿಂದೆಯೇ ಇಷ್ಟು ವರ್ಷ ತಡೆದಿಟ್ಟ ಅಳು ಬಂತು.