ಯಮುನಾಬಾಯಿ ಮುಟ್ಟಿದ ಗೋಡೆ

ಹೈದರಾಬಾದಿನ ಹೈಟೆಕ್ ಸಿಟಿಯ ಸಾಫ್ಟ್‌ವೇರ್ ಮಕ್ಕಳು ಅಪ್ಪ-ಅಮ್ಮಂದಿರನ್ನು ಫಾರಿನ್ನಿಗೆ ಕಳಿಸಲು ಶುರುಮಾಡಿದ್ದ ಕಾಲ. ಹಿಮಾಯತ್‌ನಗರದ ನಮ್ಮ ಟೂರ್ ಆಫೀಸಿನಿಂದ ಇಂಗ್ಲೆಂಡಿನ ಹಳೆಯ ಊರುಗಳಿಗೆ ಒಂದು ಬಸ್ಸಿನಷ್ಟು ಹಿರಿಯರು ಹೊರಟರು. ಟಿಕೆಟ್ ಮಕ್ಕಳದು, ಹಟ ಇವರದು. ಆಕ್ಸ್‌ಫರ್ಡ್ ತೋರಿಸದಿದ್ದರೂ ಸರಿ, ಜೋಳದ ರೊಟ್ಟಿ ಬೇಕೇ ಬೇಕು ಎಂದರು. ಟೂರ್ ಮ್ಯಾನೇಜರ್ ಆದ ನಾನು ತಲೆ ಚಚ್ಚಿಕೊಂಡು, ನಮ್ಮ ಬೀದಿಯ ರೊಟ್ಟಿ ಅಂಗಡಿಯ ಯಮುನಾಬಾಯಿಗೆ ಪಾಸ್‌ಪೋರ್ಟ್ ಮಾಡಿಸಿದೆ.

ಗಡಿಯಾರ ನೋಡುವ ರೂಢಿ ಆಕೆಗಿಲ್ಲ. ಬೆಳಕು ಹರಿದರೆ ಹಿಟ್ಟು ನಾದುವುದು, ಕತ್ತಲಾದರೆ ಹಂಚು ತೊಳೆಯುವುದು. ಗಂಡ ಚಂದ್ರಾಮ ಶಹಾಬಾದ್ ಕಡೆಯ ಕಲ್ಲುಕುಟಿಗ. ಊರ ತುಂಬ ಗಾಜಿನ ಕಟ್ಟಡಗಳು ಎದ್ದ ಮೇಲೆ ಅವನ ಉಳಿ, ಸುತ್ತಿಗೆ ಮಂಚದ ಕೆಳಗೆ ಸೇರಿದವು. ಈಗ ನಾಚಾರಂನ ಫ್ಯಾಕ್ಟರಿಯೊಂದರಲ್ಲಿ ವಾಚ್‌ಮನ್. ಫ್ಯಾಕ್ಟರಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಯಾರ್ಕ್ ಊರಿನ ದೊಡ್ಡ ಚರ್ಚಿನ ಚಿತ್ರವಿತ್ತು. ವರ್ಷ ಮುಗಿದರೂ ಅದನ್ನು ಗೋಡೆಯಿಂದ ಇಳಿಸಿರಲಿಲ್ಲ.

ಹೊರಡುವ ದಿನ ಆ ಚಿತ್ರಕ್ಕೆ ಬೆರಳಿಟ್ಟು ನನ್ನೆದುರಿಗೇ ಹೆಂಡತಿಗೆ ಹೇಳಿದ: "ನನಗ ಏನೂ ತರಬ್ಯಾಡ. ಈ ಗುಡಿ ಮುಟ್ಟಿ ಬಾ. ಕಲ್ಲಿನ ಸಂದಿನ್ಯಾಗ ಉಗುರು ಹೋಗತೈತೇನು ನೋಡು. ಹೋಗಲಿಲ್ಲಂದ್ರ ಕಟ್ಟಿದಾವ ಭಾಳ ದೊಡ್ಡಾವ."

ಆಕ್ಸ್‌ಫರ್ಡ್‌ನಲ್ಲಿ ಯಮುನಾಬಾಯಿ ಕಂಡದ್ದು ಹೋಟೆಲಿನ ಹಿಂದಿನ ಅಡುಗೆಮನೆಯ ಸಿಂಕು. ಬಾತ್ ಎಂಬ ಊರಿನಲ್ಲಿ ಸಿಂಕು ಸ್ವಲ್ಪ ದೊಡ್ಡದಿತ್ತು. ಚೆಸ್ಟರ್‌ನಲ್ಲಿ ಅಡುಗೆಮನೆಗೆ ಕಿಟಕಿ ಇತ್ತು, ಕಿಟಕಿಯಾಚೆ ಕಸದ ಡಬ್ಬಿ. ನಮ್ಮ ಹಿರಿಯರು ಊರು ಸುತ್ತಿ ಬಂದು, "ರೋಮನ್ನರ ಗೋಡಿ ಛಲೋ ಐತ್ರಿ, ಪಲ್ಯಾದಾಗ ಉಪ್ಪು ಕಡಿಮಿ ಆಗೇತಿ" ಎಂದು ಆಕೆಗೆ ಇತಿಹಾಸ ತಿಳಿಸುತ್ತಿದ್ದರು.

ಕೊನೆಯ ಊರು ಯಾರ್ಕ್. ಸಂಜೆ ಮಳೆಯಲ್ಲಿ ಬಸ್ಸು ಹೋಟೆಲಿನ ಹಿಂಬಾಗಿಲಿಗೇ ನಿಂತಿತು. ಮರುದಿನ ಬೆಳಿಗ್ಗೆ ಎಲ್ಲರಿಗೂ ಚರ್ಚು, ಮಧ್ಯಾಹ್ನ ಏರ್‌ಪೋರ್ಟು.

"ಉಪೇಂದ್ರರಿ, ನಾಳೆ ನನಗೂ ಒಂದೀಟು ಹೊತ್ತು ಬಿಡ್ರಿ. ಗುಡಿ ಮುಟ್ಟಿ ಬಂದುಬಿಡತೀನಿ," ಎಂದು ಯಮುನಾಬಾಯಿ ನನ್ನನ್ನು ಕೇಳಿದಳು.

"ವಿಮಾನಕ್ಕ ಕಟ್ಟೋ ರೊಟ್ಟಿ ಯಾರು ಬಡೀತಾರ? ನಾನೇನು?" ಎಂದೆ. ಆಕೆ ಹಿಟ್ಟಿನ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ಈಗಲೂ ಕೇಳಿದರೆ ಅದೇ ಮಾತು ಹೇಳುತ್ತೇನೆ. ಹಸಿದ ಹಿರಿಯರನ್ನು ನೀವು ಕಂಡಿಲ್ಲ.

ಜೂನ್ ತಿಂಗಳಲ್ಲಿ ಆ ದೇಶದ ಸೂರ್ಯನಿಗೆ ಹೊತ್ತುಗೊತ್ತಿಲ್ಲ, ಬೆಳಗಿನ ಜಾವ ನಾಲ್ಕಕ್ಕೇ ಬೆಳಕು ಹರಿಯುತ್ತದೆ. ಅಲ್ಲಿಯವರೆಗೆ ಆಕೆಗೆ ಮಲಗಲು ಸಿಕ್ಕಿದ್ದೆಲ್ಲ ಕಿಟಕಿಯಿಲ್ಲದ ಕೋಣೆಗಳು, ನಾನೇ ಬಾಗಿಲು ಬಡಿದು ಎಬ್ಬಿಸುತ್ತಿದ್ದೆ. ಯಾರ್ಕ್‌ನ ಕೋಣೆಗೆ ಕಿಟಕಿಯಿತ್ತು. ಊರೆಲ್ಲ ಗೊರಕೆ ಹೊಡೆಯುತ್ತಿರುವಾಗ ಬೆಳಕು ಕಂಡು, ಹೊತ್ತಾಯಿತೆಂದು ಗಾಬರಿಬಿದ್ದು, ಹೋಗಿ ಹಂಚು ಕಾಯಿಸಿದಳು. ಹಿಟ್ಟು ಸೀದು ಹೊಗೆಯೆದ್ದಿತು. ಬೆಂಕಿಯ ಎಚ್ಚರಿಕೆ ಗಂಟೆ ಇಡೀ ಹೋಟೆಲು ಹರಿದುಹೋಗುವಂತೆ ಹೊಡೆದುಕೊಂಡಿತು.

ಎಲ್ಲರನ್ನೂ ಮುಂಬಾಗಿಲಿನಿಂದ ರಸ್ತೆಗೆ ಅಟ್ಟಿದರು. ನಮ್ಮವರು ಮಂಕಿ ಟೋಪಿಯಲ್ಲಿ, ಬಿಳಿಯರು ನೈಟ್ ಡ್ರೆಸ್ಸಿನಲ್ಲಿ, ನಾನು ಲುಂಗಿಯಲ್ಲಿ. ಕೊನೆಗೆ ಹಿಟ್ಟಿನ ಕೈಯಲ್ಲೇ ಯಮುನಾಬಾಯಿ ಬಂದಳು. ಎದುರಿಗೇ ಆ ಚರ್ಚು ನಿಂತಿತ್ತು.

"ಅಯ್ಯ ನಮ್ಮಪ್ಪಾ! ಇಲ್ಲೇ ಐತೇನ ಇದು!"

ಅಲ್ಲೇ ಚಪ್ಪಲಿ ಬಿಟ್ಟು ರಸ್ತೆ ದಾಟಿದಳು. "ಏ, ನಿಲ್ರಿ!" ಎಂದು ಕೂಗಿದೆ. ಕೇಳುವವರು ಯಾರು? ತಲೆ ಎಣಿಸುತ್ತಿದ್ದ ಹೋಟೆಲಿನವನಿಗೆ ಒಂದು ತಲೆ ಕಡಿಮೆ ಬಿದ್ದು, ಪಾಪ, ಮತ್ತೆ ಮೊದಲಿನಿಂದ ಶುರುಮಾಡಿದ. ಬಾಯಿಗೆ ಬಂದಂತೆ ಬಯ್ಯಬೇಕೆಂದೇ ಆಕೆಯ ಹಿಂದೆ ಓಡಿದೆ. ಗೋಡೆಗೆ ಎರಡೂ ಕೈ ಊರಿ ಅಳುತ್ತಿದ್ದಳು. ವಾಪಸ್ ಬಂದು ಆಕೆಯ ಚಪ್ಪಲಿ ಕಾಯುತ್ತ ನಿಂತೆ.

ಹೈದರಾಬಾದಿಗೆ ಬಂದಿಳಿದ ಮೇಲೆ ನಾಚಾರಂನ ಮನೆಯವರೆಗೂ ನಾನೇ ಬಿಡಲು ಹೋದೆ. ಚಂದ್ರಾಮ ಹೊಸ್ತಿಲಲ್ಲೇ ಇದ್ದ. ನೀರು ಕೊಡಲಿಲ್ಲ, ಆರಾಮ ಇದ್ದೀಯಾ ಎನ್ನಲಿಲ್ಲ.

"ಉಗುರು ಹೋತೇನು?"

"ಹೋತು. ಒಂದು ಕಡೆ ಒಂಚೂರು ಹೋತು."

ಅವನ ಮುಖ ಸಣ್ಣದಾಯಿತು.

"ಉಗುರಾಗಿನ ಹಿಟ್ಟು ಅಲ್ಲೇ ಮೆತ್ತಿಕೊಂಡು ಸಂದು ಮುಚ್ಚಿಕೊಂತು," ಎಂದಳು ಯಮುನಾಬಾಯಿ. "ತೆಗ್ಯಾಕ ನೋಡಿದೆ, ಬರಲಿಲ್ಲ."

ಚಂದ್ರಾಮ ಆಕೆಯ ಕೈ ಹಿಡಿದು ಬೆಳಕಿಗೆ ತಿರುಗಿಸಿ, ಉಗುರನ್ನು ಬಹಳ ಹೊತ್ತು ನೋಡಿದ.

"ಹಂಗಾದ್ರ ಆ ಗುಡಿ ಕಟ್ಟಿದವರಾಗ," ಎಂದ, "ನಮ್ಮ ಮನಿದೂ ಒಂದು ಕೈ ಐತಿ."