ಹೋಗ್ಬುಟ್ ಬತ್ತೀನಿ

ನಮ್ಮ ಕಡೆ ಹೊರಡುವಾಗ ಯಾರೂ ಬರೀ "ಹೋಗ್ತೀನಿ" ಎನ್ನುವುದಿಲ್ಲ. ಅದು ತಿರುಗಿ ಬಾರದವರ ಮಾತು. ಚಿಕ್ಕಂದಿನಲ್ಲಿ ನಾನೊಮ್ಮೆ ಹಾಗೆ ಅಂದಿದ್ದಕ್ಕೆ ಅಮ್ಮ ದೊಡ್ಡೇರಿಯ ಮನೆ ಹೊಸ್ತಿಲಲ್ಲೇ ತಡೆದು, "ಅಂಗನ್ಬಾರ್ದು ಕಣಮ್ಮ, ಹೋಗ್ಬುಟ್ ಬತ್ತೀನಿ ಅನ್ನು" ಎಂದು ಹೇಳಿಸಿಯೇ ಕಳಿಸಿದ್ದಳು. ಮುಂದೆ ಮಧುಗಿರಿಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾ, ಕನ್ನಡ ವಾಕ್ಯಗಳನ್ನು ಬಿಡಿಸಿ ನೋಡುವ ಪ್ರೋಗ್ರಾಂ ಬರೆಯಲು ಕೂತಾಗ ನಾನು ಮೊದಲು ಕೊಟ್ಟ ವಾಕ್ಯ ಅದೇ. ಅಮ್ಮನ ಮಾತು ಕಂಪ್ಯೂಟರಿಗೆ ವಾಕ್ಯವಾಗಿಯೇ ಕಾಣಬೇಕು, ತಪ್ಪಾಗಿ ಅಲ್ಲ. ನನಗೆ ಬೇಕಿದ್ದದ್ದು ಇಷ್ಟೇ.

ಜೊತೆಗಿದ್ದವಳು ಕೊರಟಗೆರೆಯ ಗೆಳತಿ, ನನ್ನ ವಿಭಾಗದವಳೇ. ನನ್ನಂತೆಯೇ ಅಂಗೆ, ಇಂಗೆ, ಬಂದ್ಬುಟ್ಟೆ ಎನ್ನುತ್ತಲೇ ಬೆಳೆದವಳು. ಕೆಲಸ ಹಂಚಿಕೊಂಡಿದ್ದೆವು. ಪ್ರತಿ ಪದಕ್ಕೂ ಒಂದು ಪುಟ್ಟ ಮರ, ಅಂದರೆ ಆ ಪದ ಎಲ್ಲಿ ಯಾವುದಕ್ಕೆ ಕೂಡುತ್ತದೆ ಎಂದು ಕೊಂಬೆ ಕೊಂಬೆಯಾಗಿ ತೋರಿಸುವ ನಕ್ಷೆ. ಆ ಮರಗಳನ್ನು ಬರೆಯುವುದು ಅವಳ ಪಾಲು. ಒಂದು ಮರವನ್ನು ಗೆಣ್ಣಿನಲ್ಲಿ ಕೊಯ್ದು ಇನ್ನೊಂದನ್ನು ನಡುವೆ ಕೂರಿಸುವುದಕ್ಕೆ ಕಸಿ ಎನ್ನುತ್ತಿದ್ದೆವು, ಮಾವಿಗೆ ಕಟ್ಟುತ್ತಾರಲ್ಲ ಹಾಗೆ. ಕಸಿಯ ನಿಯಮಗಳು ನನ್ನ ಪಾಲು: ಈ ಮರ ಸಿದ್ಧ, ಆ ಮರವೂ ಸಿದ್ಧ, ಆದ್ದರಿಂದ ಎರಡೂ ಸೇರಿದ್ದು ಸಿದ್ಧ. ಹೀಗೆ ತೀರ್ಮಾನದ ಮೇಲೆ ತೀರ್ಮಾನ ಮಾಡುತ್ತಾ ವಾಕ್ಯದ ಕೊನೆ ಮುಟ್ಟಿದರೆ ಪ್ರೋಗ್ರಾಂ ಒಪ್ಪಿದಂತೆ.

ಪಾವಗಡದ ಬಸ್ಸಿನಲ್ಲಿ ಕಿವಿಗೆ ಬಿದ್ದ ತೆಲುಗು ಬೆರೆತ ಮಾತನ್ನೂ ಅದು ಒಪ್ಪಿತ್ತು. ಅಮ್ಮನ ವಾಕ್ಯವನ್ನಂತೂ ಮೊದಲೇ ಒಪ್ಪಿತ್ತು. ಆಮೇಲೊಂದು ದಿನ ಇದ್ದಕ್ಕಿದ್ದಂತೆ ಅದನ್ನು ತಪ್ಪು ಎಂದಿತು. "ಹೋಗ್ತೀನಿ" ಸಲೀಸಾಗಿ ದಾಟುತ್ತದೆ, "ಹೋಗ್ಬುಟ್ ಬತ್ತೀನಿ" ಮಗುಚಿಕೊಳ್ಳುತ್ತದೆ. ದರಿದ್ರದ್ದು!

ನನ್ನ ನಿಯಮವೇ ಕೆಟ್ಟಿದೆ ಎಂದುಕೊಂಡೆ. ಪ್ರತಿ ತೀರ್ಮಾನವನ್ನೂ ಪರದೆ ಮೇಲೆ ಬರುವಂತೆ ಮಾಡಿ ನೋಡಿದೆ. "ಹೋಗಿ" ಸಿದ್ಧ. "ಬುಟ್ಟು" ಸಿದ್ಧ. ಎರಡೂ ಸೇರಿದ್ದು ಮಾತ್ರ ಬರುವುದಿಲ್ಲ. ಇದ್ದ ನಿಯಮ ಒಡೆದು ಮತ್ತೆ ಬರೆದೆ, ಮತ್ತೆ ಒಡೆದೆ. ಗೆಳತಿ ಪಕ್ಕದಲ್ಲೇ ಕೂತು ಟೀ ತರಿಸಿ ಕೊಟ್ಟು, "ಈ ಸಾಲು ನೋಡೇ, ಇಲ್ಲೇನಾರ ಇರ್ಬೋದು" ಎಂದು ಬೆರಳಿಟ್ಟು ತೋರಿಸುತ್ತಿದ್ದಳು.

ಕೊನೆಗೆ, ನಿಯಮದಲ್ಲಿ ಹುಡುಕಲು ಏನೂ ಉಳಿಯದೆ, ಅವಳ ಮರಗಳನ್ನು ತೆರೆದೆ. ಪ್ರತಿ ಕ್ರಿಯಾಪದದ ಗೆಣ್ಣಿಗೂ ಹೊಸದೊಂದು ಗುರುತು: ಇಲ್ಲಿ "ಬುಟ್ಟು" ಕಸಿ ಬೇಡ.

"ಇದನ್ನ ನೀನೇ ಹಾಕಿದ್ದಾ?" ಎಂದೆ.

"ಹೂಂ ಕಣೇ. ಬೆಂಗ್ಳೂರಿಂದ ನಮ್ ಪ್ರೋಗ್ರಾಂ ನೋಡಕ್ ದೊಡ್ಡೋರು ಬತ್ತಾವ್ರಲ್ಲ, ಅವ್ರ ಮುಂದೆ ಬುಟ್ಟೆ ಗಿಟ್ಟೆ ಅಂತ ತೋರ್ಸಿದ್ರೆ ನಗಲ್ವಾ? ತಪ್ಪು ಕನ್ನಡನ ತಪ್ಪು ಅಂದ್ರೇನೇ ನಮ್ಗೆ ಮರ್ಯಾದೆ."

"ಮತ್ತೆ ನನ್ ಜೊತೆ ಕೂತು ಏನ್ ಹುಡುಕ್ತಿದ್ದೆ?"

"ಹೇಳಿದ್ರೆ ನೀನು ಒಪ್ಕೊಂಡ್ಬುಡ್ತಿದ್ಯಾ?"

ಆ ಮಾತಿನಲ್ಲೂ "ಬುಟ್ಟು"ವಿನ "ಬುಡು" ಇತ್ತು. ಅವಳಿಗೆ ಕೇಳಿಸಲೇ ಇಲ್ಲ.

ಬೆಂಗಳೂರಿನವರು ನಗುತ್ತಿದ್ದರೋ ಇಲ್ಲವೋ, ಇವಳಂತೂ ಮೊದಲೇ ನಾಚಿಕೊಂಡಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ದನವನ್ನು ಬೈದು ಏನು ಮಾಡಲಿ? ನಮ್ಮಮ್ಮನ ಮಾತನ್ನು ತಪ್ಪು ಎಂದಳಲ್ಲ, ಅದಕ್ಕಿಂತಲೂ ನನ್ನನ್ನು ಸುಡುತ್ತಿದ್ದದ್ದು ಆ ಬೆರಳು. ಇಲ್ಲದ ಕಡೆ ಇದೆ ಎಂದು ತೋರಿಸುತ್ತಿದ್ದ ಬೆರಳು.

ಗುರುತು ತೆಗಿ ಎಂದೆ. ಅವರು ನೋಡಿಕೊಂಡು ಹೋಗಲಿ, ಆಮೇಲೆ ನೋಡೋಣ ಎಂದಳು.

ನನ್ನ ನಿಯಮಗಳನ್ನಷ್ಟೇ ಪೆನ್ ಡ್ರೈವಿಗೆ ಹಾಕಿಕೊಂಡು ಬ್ಯಾಗು ಹೆಗಲಿಗೇರಿಸಿದೆ. ಅವಳು ಪರದೆಯಿಂದ ಕಣ್ಣು ತೆಗೆಯದೆ, "ನಾಳೆ ಬೇಗ್ನೆ ಬಾರೇ" ಎಂದಳು.

ಅವಳ ಪ್ರೋಗ್ರಾಂ ಒಪ್ಪುವ ಮಾತನ್ನೇ ಹೇಳಿದೆ.

"ಹೋಗ್ತೀನಿ."

ಕೊರಟಗೆರೆಯವಳಲ್ಲವೇ, ತಟ್ಟನೆ ತಲೆಯೆತ್ತಿದಳು. "ಲೇ, ಅಂಗನ್ಬಾರ್ದು ಕಣೇ" ಎಂದಳು.

ನಾನು ತಿದ್ದಿ ಹೇಳಲಿಲ್ಲ.